ಸೋಗಾನೆಗೆ ಹೋದ ತಮ್ಮ

ಸತ್ಯಭಾಮಾ ಆ ವಿದ್ಯಾರ್ಥಿನಿ ನಿಲಯಕ್ಕೆ ಮೇಲ್ವಿಚಾರಕಿಯಾಗಿ ಬಂದ ಮಾರನೆಯ ಬೆಳಿಗ್ಗೆ, ರಸ್ತೆ ಕಡೆಯ ಕಾಂಪೌಂಡಿನ ಮೇಲೆ ಒಂದು ಒದ್ದೆ ಜಮಖಾನ ಹರವಿತ್ತು. ಅದರ ಪಕ್ಕದಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಸವಳಂಗ ರಸ್ತೆಯಲ್ಲಿ ಆಗಲೇ ಸೌದೆ ಗಾಡಿಗಳ, ಹಾಲಿನವರ ಓಡಾಟ ಶುರುವಾಗಿತ್ತು. ಶಾಲೆಗೆ ಹೊರಟಿದ್ದ ಹುಡುಗರ ಗುಂಪೊಂದು ಜಮಖಾನ ನೋಡಿ ಮೂಗು ಹಿಡಿದುಕೊಂಡು ನಗುತ್ತ ಮುಂದೆ ಹೋಯಿತು. ಹುಡುಗಿ ಅಲ್ಲಾಡಲಿಲ್ಲ.

"ಇದೇನು?" ಎಂದು ಸತ್ಯಭಾಮಾ ಅಡುಗೆಯ ಈಶ್ವರಮ್ಮನನ್ನು ಕೇಳಿದಳು.

"ಅದು ಸಣ್ಣಮ್ಮ ಅಂತ, ಅಕ್ಕೋರೆ. ಭದ್ರಾವತಿ ಹುಡುಗಿ. ಹಾಸಿಗೇಲೇ ಉಚ್ಚೆ ಹೊಯ್ಕೊಳ್ತಾಳೆ. ನಾಲ್ಕು ಜನ ನೋಡಿದ್ರೆ ನಾಚ್ಕೊಂಡು ಬಿಟ್ಟುಬಿಡ್ತಾಳೆ ಅಂತ ಹಿಂದಿನ ಅಕ್ಕೋರು ಹೀಗೆ ಮಾಡಿಟ್ರು. ಶಾಲೆ ಗಂಟೆ ಹೊಡೆಯೋ ತನಕ ಅಲ್ಲೇ ನಿಂತಿರ್ಬೇಕು."

"ಬಿಟ್ಟಳಾ ಮತ್ತೆ?"

"ಎಲ್ಲಿ ಬಿಡ್ತಾಳೆ! ಶುರುವಾದಾಗ ಎಂದಾದ್ರೂ ಒಂದ್ಸಲ ಇತ್ತು. ಈಗ ದಿನಾ."

"ಮದ್ದು ಕೊಟ್ಟಷ್ಟೂ ರೋಗ ಹೆಚ್ಚಾಯ್ತು ಅಂದ್ರೆ ಮದ್ದೇ ಸರಿ ಇಲ್ಲ ಮಾರಾಯ್ತಿ," ಎಂದು ಸತ್ಯಭಾಮಾ ಸೆರಗು ಸಿಕ್ಕಿಸಿ ಅಂಗಳಕ್ಕೆ ಇಳಿದಳು.

ಅದು ೧೯೬೧ರ ಕಾರ್ತಿಕ ಮಾಸ. ಕೂಲಿನಾಲಿ ಮಾಡುವವರ ಹೆಣ್ಣುಮಕ್ಕಳು ಶಿವಮೊಗ್ಗದಲ್ಲಿ ಉಳಿದು ಓದಲೆಂದು ಊರಿನ ಕೆಲವರು ಸೇರಿ ನಡೆಸುತ್ತಿದ್ದ ನಿಲಯ ಅದು. ಊಟ, ವಸತಿ ಎರಡೂ ಉಚಿತ. ಸತ್ಯಭಾಮಾಳಿಗೆ ಆಗ ಮೂವತ್ತೈದು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಅಣ್ಣಂದಿರ ಮಾತು ಕೇಳದೆ ಟ್ರೈನಿಂಗ್ ಮುಗಿಸಿ, ತೀರ್ಥಹಳ್ಳಿಯ ಕಡೆ ಹಳ್ಳಿ ಶಾಲೆಗಳಲ್ಲಿ ಪಾಠ ಹೇಳಿ ಬಂದವಳು. ದೊಡ್ಡ ಗಂಟಲು, ದೊಡ್ಡ ಹೆಜ್ಜೆ. ಯಾವ ಕೆಲಸವನ್ನಾದರೂ ಮಾಡಿ ಮುಗಿಸುತ್ತೇನೆ ಎಂಬ ಧೈರ್ಯ ಅವಳ ನಡಿಗೆಯಲ್ಲೇ ಕಾಣುತ್ತಿತ್ತು.

ಅವಳು ಜಮಖಾನದ ಒಂದು ತುದಿ ಹಿಡಿದು, "ಆ ಕಡೆ ತುದಿ ಹಿಡ್ಕೊ," ಎಂದಳು. ಸಣ್ಣಮ್ಮ ಹಿಡಿದಳು. ಇಬ್ಬರೂ ಅದನ್ನು ಹಿತ್ತಲಿಗೆ ಒಯ್ದು, ಬಾವಿಯಿಂದ ನೀರು ಸೇದಿ, ಕಲ್ಲಿನ ಮೇಲೆ ಕುಕ್ಕಿ, ಹಿಂಡಿ, ಹಿತ್ತಲ ತಂತಿಯ ಮೇಲೆ ಹಾಕಿದರು. ಸತ್ಯಭಾಮಾ ಅವಳನ್ನು ಏನೂ ಕೇಳಲಿಲ್ಲ.

ಬೆಳಗಿನ ಗಂಜಿಗೆ ಹುಡುಗಿಯರು ಸಾಲಾಗಿ ಕುಳಿತಾಗ ಯಾರೋ ಕಿಸಕ್ಕೆಂದರು. ಸಣ್ಣಮ್ಮನ ಎರಡೂ ಪಕ್ಕದ ಜಾಗ ಖಾಲಿ ಇತ್ತು. ಸತ್ಯಭಾಮಾ ತನ್ನ ತಟ್ಟೆ ತಂದು ಅದರಲ್ಲೊಂದು ಜಾಗದಲ್ಲಿ ಕುಳಿತಳು.

"ನಾನೂ ಹತ್ತು ವರ್ಷದವರೆಗೆ ಹಾಸಿಗೆ ಒದ್ದೆ ಮಾಡ್ತಿದ್ದೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. "ಈಗ ನಿಮಗೆಲ್ಲ ಮೇಲ್ವಿಚಾರಕಿ ಆಗಿದ್ದೀನಿ. ನಗೋರು ಈಗಲೇ ನಕ್ಕು ಮುಗಿಸಿ. ನಾಳೆಯಿಂದ ಯಾರ ಹಾಸಿಗೆ ಒದ್ದೆಯಾದ್ರೂ ಹಿತ್ತಲಲ್ಲಿ ಒಣಗುತ್ತೆ. ಅದರ ಬಗ್ಗೆ ಯಾರೂ ಮಾತಾಡೋದು ಬೇಡ."

ಯಾರೂ ನಗಲಿಲ್ಲ. ಅವಳು ಹೇಳಿದ್ದು ನಿಜವೇ ಆಗಿತ್ತು.

ಆ ವಾರವೇ ಅವಳು ಸಣ್ಣಮ್ಮನನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದು ತೋರಿಸಿದಳು. ದೇಹದಲ್ಲಿ ಏನೂ ದೋಷವಿಲ್ಲ ಎಂದರು ಡಾಕ್ಟರು. ಆದರೂ ಹಾಸಿಗೆ ಒದ್ದೆಯಾಗುವುದು ನಿಲ್ಲಲಿಲ್ಲ. ನಿಲಯದ ಕಾರ್ಯದರ್ಶಿ ಲಕ್ಷ್ಮೀಕಾಂತ ರಾಯರು ತಿಂಗಳ ತಪಾಸಣೆಗೆ ಬಂದಾಗ ಆ ವಿಷಯವನ್ನೇ ಎತ್ತಿದರು.

"ನೋಡಿ ಅಮ್ಮಾ, ಆ ಹುಡುಗಿಯನ್ನ ಮನೆಗೆ ಕಳಿಸಿಬಿಡಿ. ಹಾಸಿಗೆ ಎಲ್ಲ ಹಾಳಾಗ್ತಿದೆ. ಸೀಟು ಕೇಳಿಕೊಂಡು ಬೇರೆ ಬಡವರು ಬಾಗಿಲಿಗೆ ಬರ್ತಾನೇ ಇದ್ದಾರೆ."

"ಕಳಿಸಲ್ಲ ರಾಯರೇ," ಎಂದಳು ಸತ್ಯಭಾಮಾ. "ಅವಳು ಲೆಕ್ಕದಲ್ಲಿ ತರಗತಿಗೇ ಮುಂದಿದ್ದಾಳೆ. ಅವಳಿಗೆ ಏನೋ ಆಗಿದೆ. ಏನು ಅಂತ ನಾನು ಕಂಡುಹಿಡೀತೀನಿ. ಸಂಕ್ರಾಂತಿವರೆಗೆ ನನಗೆ ಬಿಡಿ."

"ಕಂಡುಹಿಡಿಯದಿದ್ರೆ?"

"ಹಿಡೀತೀನಿ."

ರಾಯರು ಅವಳ ಮುಖ ನೋಡಿ, ಕೊಡೆ ಎತ್ತಿಕೊಂಡು ಹೊರಟರು.

ಈಶ್ವರಮ್ಮನನ್ನು ಕೂರಿಸಿಕೊಂಡು ವಿಚಾರಿಸಿದಾಗ ಒಂದು ವಿಷಯ ಗೊತ್ತಾಯಿತು. ಜೂನ್‌ನಲ್ಲಿ ಬಂದಾಗ ಸಣ್ಣಮ್ಮ ಎಲ್ಲರಂತೆಯೇ ಇದ್ದಳು. ಹಾಡುತ್ತಿದ್ದಳು, ಜಗಳವಾಡುತ್ತಿದ್ದಳು, ಹಾಸಿಗೆಯೂ ಒಣಗಿರುತ್ತಿತ್ತು. ದಸರಾ ರಜೆಗೆ ಊರಿಗೆ ಹೋಗಿ ಬಂದಮೇಲೆ ಹೀಗಾಗಿದ್ದಾಳೆ. ಹಾಡೂ ಇಲ್ಲ, ಜಗಳವೂ ಇಲ್ಲ.

ಹಾಗಾದರೆ ಮನೆಯಲ್ಲೇ ಏನೋ ನಡೆದಿದೆ ಎಂದುಕೊಂಡಳು ಸತ್ಯಭಾಮಾ. ಆದರೆ ಕೇಳಿದರೆ ಹೇಳುವ ಹುಡುಗಿ ಅವಳಲ್ಲ ಎಂಬುದೂ ಅರ್ಥವಾಗಿತ್ತು. ತರಕಾರಿ ತರಲು ಪೇಟೆಗೆ ಹೋಗುವಾಗ ಅವಳು ಸಣ್ಣಮ್ಮನನ್ನು ಜೊತೆಗೆ ಕರೆದುಕೊಂಡು ಹೋಗತೊಡಗಿದಳು. ಬದನೆಕಾಯಿ ಆರಿಸುವುದು, ಹೆಸರುಕಾಳು ಹೇಗಿದೆ ನೋಡುವುದು, ಅಷ್ಟೇ ಮಾತು. ಹೀಗೆ ಒಂದು ದಿನ ಚೀಲ ಹಿಡಿದುಕೊಂಡು ಬರುತ್ತಿದ್ದಾಗ ಹುಡುಗಿ ತಾನಾಗಿಯೇ ಕೇಳಿದಳು.

"ಅಕ್ಕೋರೆ, ಇಲ್ಲಿಂದ ಸೋಗಾನೆಗೆ ನಡ್ಕೊಂಡು ಹೋಗ್ಬಹುದಾ?"

"ಹೋಗ್ಬಹುದು, ಕಾಲು ಸೋಲುತ್ತೆ. ಯಾಕೆ?"

"ಅಲ್ಲಿ ನಮ್ಮಜ್ಜಿ ಮನೆ ಇದೆ. ನನ್ನ ತಮ್ಮ ಹಾಲೇಶ ಅಲ್ಲಿದಾನೆ. ದಸರೆಗೆ ಹೋದಾಗ ಮನೇಲಿ ಇರ್ಲಿಲ್ಲ. ಅಜ್ಜಿ ಕರ್ಕೊಂಡು ಹೋಗಿದಾರೆ, ಅಲ್ಲೇ ಇರ್ತಾನೆ ಅಂದ್ಳು ಅಮ್ಮ."

"ನೋಡ್ಬೇಕು ಅನ್ನಿಸ್ತಿದ್ಯಾ?"

ಸಣ್ಣಮ್ಮ ತಲೆಯಾಡಿಸಿದಳು. ಸತ್ಯಭಾಮಾಳಿಗೆ ಎದೆಯ ಭಾರ ಇಳಿದಂತಾಯಿತು. ಇಷ್ಟೇನಾ! ತಮ್ಮನ ಮೇಲಿನ ಆಸೆ. "ಈ ಭಾನುವಾರವೇ ಹೋಗೋಣ," ಎಂದಳು.

ಭಾನುವಾರ, ಪೇಟೆಗೆ ಸೌದೆ ಹಾಕಿ ಖಾಲಿ ಮರಳುತ್ತಿದ್ದ ಗಾಡಿಯೊಂದು ಸೋಗಾನೆಯ ಕಡೆಯದೇ ಸಿಕ್ಕಿತು. ಸ್ವಲ್ಪ ಹೊತ್ತು ಕಾದು ವಾಪಸ್ ತಂದುಬಿಡಲೂ ಗಾಡಿಯವನು ಒಪ್ಪಿದ. ದಾರಿಯುದ್ದಕ್ಕೂ ಸಣ್ಣಮ್ಮ ಮಾತಾಡಿದಳು. ಅಷ್ಟು ಮಾತು ಅವಳಲ್ಲಿತ್ತೆಂದು ಸತ್ಯಭಾಮಾಳಿಗೆ ಗೊತ್ತೇ ಇರಲಿಲ್ಲ. ಹಾಲೇಶನಿಗೆ ಐದು ವರ್ಷ. ಅಮ್ಮ ಗಾರೆ ಕೆಲಸಕ್ಕೆ ಹೋದರೆ ಅವನನ್ನು ನೋಡಿಕೊಳ್ಳುತ್ತಿದ್ದವಳು ಇವಳೇ. ಮಲಗುವಾಗ ಇವಳ ಮೇಲೆ ಕಾಲು ಹಾಕಿಯೇ ಮಲಗಬೇಕು. ಹುಣಸೆಹಣ್ಣನ್ನು ಬೀಜ ಸಮೇತ ನುಂಗುತ್ತಾನೆ. ರೈಲಿನ ಸದ್ದು ಕೇಳಿದರೆ ಉಣ್ಣುವ ತಟ್ಟೆ ಬಿಟ್ಟು ಓಡುತ್ತಾನೆ. ಅವನಿಗಾಗಿ ಅವಳು ಕಾಗದದಲ್ಲಿ ಕಡಲೆ ಮಿಠಾಯಿ ಕಟ್ಟಿಕೊಂಡಿದ್ದಳು.

ಅಜ್ಜಿ ಯಲ್ಲಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಮೊಮ್ಮಗಳು ಗಾಡಿಯಿಂದ ಇಳಿದದ್ದನ್ನು ಕಂಡು ಮೊರ ಹಿಡಿದ ಕೈ ಹಾಗೇ ನಿಂತಿತು.

"ಅಜ್ಜೀ, ಹಾಲೇಶ ಎಲ್ಲಿ?"

ಮುದುಕಿ ಸತ್ಯಭಾಮಾಳ ಮುಖ ನೋಡಿದಳು, ಮೊರ ನೋಡಿದಳು. "ಅವ್ನಾ? ಅವ್ನು... ಮೊನ್ನೆ ನಿಮ್ಮಪ್ಪ ಬಂದಿದ್ನಲ್ಲ, ಅವನ ಜೊತೆ ಭದ್ರಾವತಿಗೆ ಹೋದ್ನಲ್ಲೇ ತಾಯೀ. ನಿನಗೆ ತಪ್ಪಿಹೋಯ್ತು ನೋಡು."

ಸಣ್ಣಮ್ಮ ಅಜ್ಜಿಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮಿಠಾಯಿ ಪೊಟ್ಟಣವನ್ನು ಅಜ್ಜಿಯ ಕೈಗಿಟ್ಟು, "ನೀನು ತಿನ್ನು," ಎಂದು ಹೇಳಿ ಹೋಗಿ ಗಾಡಿಯಲ್ಲಿ ಕುಳಿತಳು.

ಸತ್ಯಭಾಮಾ ಮುದುಕಿಯ ಹಿಂದೆ ಒಳಗೆ ಹೋದಳು. ಕೇಳುವ ಅಗತ್ಯವೇ ಇರಲಿಲ್ಲ. ಯಲ್ಲಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡು, ಒಳಗಿನ ಕಂಬಕ್ಕೆ ಒರಗಿ ಕುಸಿದಿದ್ದಳು. ಮಗು ಆಷಾಢದಲ್ಲೇ ಹೋಗಿಬಿಟ್ಟಿತ್ತು. ಭದ್ರಾವತಿಯ ಜನ್ನಾಪುರದಲ್ಲಿ ಅವರಿದ್ದ ಕೂಲಿಯವರ ಮನೆಸಾಲಿನಲ್ಲಿ ಆಗ ವಿಷಮಶೀತ ಜ್ವರ ಬಂದಿತ್ತು. ಬೇರೆ ಮಕ್ಕಳು ಎದ್ದವು, ಹಾಲೇಶ ಏಳಲಿಲ್ಲ. "ಹುಡುಗಿಗೆ ಹೇಳ್ಬೇಡಿ ಅಂತ ನನ್ನ ಮಗಳು ಆಣೆ ಹಾಕಿಸ್ಕೊಂಡವ್ಳೆ ಕಣವ್ವಾ. ನಾನೇನ್ ಮಾಡ್ಲಿ?"

ಮರಳುವ ದಾರಿಯಲ್ಲಿ ಹುಡುಗಿ ಎತ್ತುಗಳನ್ನೇ ನೋಡುತ್ತ ಕುಳಿತಿದ್ದಳು. ಊರು ಹತ್ತಿರವಾದಾಗ ಕೇಳಿದಳು.

"ಅಕ್ಕೋರೆ, ಹಾಲೇಶ ಭದ್ರಾವತೀಲಿ ಇದಾನಾ?"

ಹೌದು ಎನ್ನುವುದು ಸುಲಭವಿತ್ತು. ಸತ್ಯಭಾಮಾ ಹುಡುಗಿಯ ಕೈ ಹಿಡಿದುಕೊಂಡಳು.

"ನಾನು ನಿನಗೆ ಸುಳ್ಳು ಹೇಳಲ್ಲ ಮಾರಾಯ್ತಿ. ಆದ್ರೆ ಈ ಮಾತು ನಿಮ್ಮಮ್ಮನ ಬಾಯಿಂದಲೇ ನೀನು ಕೇಳ್ಬೇಕು. ನಾಳೆ ಅವರನ್ನ ಇಲ್ಲಿಗೆ ಕರ್ಕೊಂಡು ಬರ್ತೀನಿ."

"ಅಮ್ಮ ಬರ್ತಾಳಾ? ಕೂಲಿ ತಪ್ಪುತ್ತಲ್ಲ."

"ಬರ್ತಾರೆ."

ಮಾರನೆಯ ದಿನ ಹುಡುಗಿಯರನ್ನು ಶಾಲೆಗೆ ಕಳಿಸಿ ಅವಳು ಭದ್ರಾವತಿಯ ರೈಲು ಹತ್ತಿದಳು. ಜನ್ನಾಪುರದ ಹತ್ತಿರ ಹೊಸ ಮನೆಗಳ ಕಟ್ಟಡ ನಡೆಯುತ್ತಿದ್ದ ಕಡೆ, ಸಣ್ಣಮ್ಮನ ತಾಯಿ ಕರಿಬಸಮ್ಮ ತಲೆಯ ಮೇಲೆ ಗಾರೆ ಬಾಣಲಿ ಹೊತ್ತು ನಿಂತಿದ್ದಳು. ನಿಲಯದವರು ಎಂದು ತಿಳಿದೊಡನೆ ಬಾಣಲಿ ಇಳಿಸಿ ಓಡಿ ಬಂದಳು.

"ನನ್ನ ಮಗೀಗೆ ಏನಾಯ್ತು ಅಕ್ಕೋರೆ?"

"ಜೀವಕ್ಕೇನೂ ಆಗಿಲ್ಲ. ಕೂತ್ಕೊಳ್ಳಿ."

ಇಬ್ಬರೂ ಇಟ್ಟಿಗೆ ರಾಶಿಯ ನೆರಳಲ್ಲಿ ಕುಳಿತರು. ಸತ್ಯಭಾಮಾ ಎಲ್ಲವನ್ನೂ ಹೇಳಿದಳು. ಹಾಸಿಗೆಯ ವಿಷಯ, ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದ ವಿಷಯ, ಸೋಗಾನೆಯಲ್ಲಿ ನಡೆದದ್ದು. ಮಗಳನ್ನು ರಸ್ತೆಯ ಕಡೆ ನಿಲ್ಲಿಸುತ್ತಿದ್ದರು ಎಂದು ಕೇಳಿ ಕರಿಬಸಮ್ಮ ಹಣೆ ಹೊಡೆದುಕೊಂಡಳು. ಆಮೇಲೆ ಗಾರೆ ಮೆತ್ತಿದ ಬೆರಳುಗಳನ್ನು ಒಂದೊಂದಾಗಿ ಉಜ್ಜುತ್ತ ಮಾತಾಡಿದಳು.

"ಮುಚ್ಚಿಡಬೇಕು ಅಂತ ಮುಚ್ಚಿಟ್ಟಿದ್ದಲ್ಲ ಅಕ್ಕೋರೆ. ಆವಾಗ ಸಾಲಿನ ತುಂಬ ಜ್ವರ. ಕರೆಸಿದ್ರೆ ಇವಳಿಗೂ ಅಂಟ್ಕೊಂಡ್ರೆ ಅಂತ ಕರೆಸ್ಲಿಲ್ಲ. ದಸರೆಗೆ ಬಂದ್ಳು. ಬಾಗ್ಲಲ್ಲೇ ತಮ್ಮನ್ನ ಕೂಗಿದ್ಳು. ನನ್ನ ಬಾಯಿಗೆ ಸೋಗಾನೆ ಅಂತ ಬಂತು. ನಿಜ ಹೇಳಿದ್ರೆ ಇವಳು ನಿಲಯ ಬಿಟ್ಟು ಇಲ್ಲೇ ಕೂತುಬಿಡ್ತಾಳೆ ಅನ್ನಿಸ್ತು. ಅಲ್ಲಿ ಎರಡು ಹೊತ್ತು ಉಣ್ತಾಳೆ, ಅಕ್ಷರ ಕಲೀತಾಳೆ. ಒಂದಂತೂ ಹೋಯ್ತು, ಇದಾದ್ರೂ ಮೇಲೆ ಬರ್ಲಿ ಅಂತ..."

"ನೀವು ಒಳ್ಳೇದಕ್ಕೇ ಮಾಡಿದ್ರಿ. ಆದ್ರೆ ಅವಳಿಗೆ ಗೊತ್ತಾಗಿದೆ ಕರಿಬಸಮ್ಮ. ಮಕ್ಕಳಿಗೆ ಗೊತ್ತಾಗುತ್ತೆ. ಗೊತ್ತಾಗಿದ್ದನ್ನ ಯಾರ ಹತ್ರ ಹೇಳ್ಕೊಳ್ಳೋಕೂ ಆಗದೆ ಒಬ್ಬಳೇ ಹೊತ್ಕೊಂಡಿದಾಳೆ. ನೀವು ಹೇಳಿದ್ರೆ ಇಬ್ಬರೂ ಸೇರಿ ಅಳಬಹುದು."

"ನೀವೇ ಹೇಳಿಬಿಡಿ ಅಕ್ಕೋರೆ, ನಿಮ್ಮ ಕಾಲಿಗೆ ಬೀಳ್ತೀನಿ. ನನ್ನ ಬಾಯಿಂದ ಆ ಮಾತು ಹೊರಡಲ್ಲ."

"ಹೊರಡುತ್ತೆ. ನಾನು ಪಕ್ಕದಲ್ಲೇ ಇರ್ತೀನಿ. ನಾನು ಹೇಳಿದ್ರೆ ಅವಳು ಇನ್ನು ನಿಮ್ಮನ್ನ ನಂಬಲ್ಲ. ನಿಮ್ಮನ್ನ ನಂಬದೆ ಆ ಮಗು ಯಾರನ್ನ ನಂಬಬೇಕು?"

"ಅವಳು ಅಲ್ಲಿರಲ್ಲ ಅಂತ ಎದ್ದು ಬಂದ್ರೆ?"

"ಬರ್ಲಿ. ನಾಲ್ಕು ದಿನ ಮನೇಲಿ ಇರ್ಲಿ. ಅವಳ ಜಾಗ ಎಲ್ಲೂ ಹೋಗಲ್ಲ, ಅದು ನನ್ನ ಜವಾಬ್ದಾರಿ."

ಕರಿಬಸಮ್ಮ ಎದ್ದು, ಮೇಸ್ತ್ರಿಯ ಹತ್ತಿರ ಹೋಗಿ ಏನೋ ಹೇಳಿ, ಕೈಕಾಲು ತೊಳೆದುಕೊಂಡು ಬಂದಳು. ಗಂಡ ಹೊನ್ನಯ್ಯ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುತ್ತಿದ್ದ. ದಾರಿಯಲ್ಲಿ ಅವನಿಗೂ ತಿಳಿಸಿದರು. ಅವನು ತಲೆಯ ಮೇಲಿನ ಗೋಣಿ ತೆಗೆದು, ಹೆಂಡತಿಗೆ "ಹೇಳಿ ಬಾ," ಎಂದಷ್ಟೇ ಹೇಳಿದ.

ಸಣ್ಣಮ್ಮ ಶಾಲೆಯಿಂದ ಬಂದಾಗ ತಾಯಿ ಹಿತ್ತಲಿನ ಬಾವಿಕಟ್ಟೆಯ ಮೇಲೆ ಕುಳಿತಿದ್ದಳು. ಸತ್ಯಭಾಮಾ ಸ್ವಲ್ಪ ದೂರದಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಹುಡುಗಿ ತಾಯಿಯ ಎದುರು ನಿಂತಳು, ಹತ್ತಿರ ಹೋಗಲಿಲ್ಲ.

"ನಿನ್ನ ತಮ್ಮ ಇಲ್ಲ ಕಣೇ," ಎಂದಳು ಕರಿಬಸಮ್ಮ. "ಸೋಗಾನೇಲೂ ಇಲ್ಲ, ಮನೇಲೂ ಇಲ್ಲ. ಸತ್ತೋದ. ಜ್ವರ ಬಂದು ಸತ್ತೋದ. ನಾನು ನಿನಗೆ ಸುಳ್ಳು ಹೇಳ್ದೆ."

ಸಣ್ಣಮ್ಮ ಅಳಲಿಲ್ಲ. "ಯಾವಾಗ?"

"ಆಷಾಢದಲ್ಲಿ."

"ಗೊತ್ತಿತ್ತು," ಎಂದಳು ಹುಡುಗಿ. "ಅವನ ಅಂಗಿ ಒಂದೂ ಇರ್ಲಿಲ್ಲ ಮನೇಲಿ. ಅಜ್ಜಿ ಮನೆಗೆ ಹೋಗೋನು ಹರಿದಿದ್ದನ್ನ ಬಿಟ್ಟು ಹೋಗ್ಬೇಕಿತ್ತಲ್ಲ." ಆಮೇಲೆ ಅವಳ ಧ್ವನಿ ಒಮ್ಮೆಗೇ ಕಿರಿದಾಯಿತು. "ಅಮ್ಮಾ, ಅವ್ನು ಸತ್ತಿದ್ದು ನನ್ನಿಂದ."

"ಏನಂದೆ?"

"ನಾನು ಇಲ್ಲಿಗೆ ಹೊರಟ ದಿನ ಅವ್ನು ನನ್ನ ಹೊಸ ಸ್ಲೇಟ್ ಒಡೆದ್ನಲ್ಲ. ನಾನು ಅವನಿಗೆ ಸತ್ತೋಗು ಅಂದೆ. ಎರಡು ಸಲ ಅಂದೆ."

ತಮ್ಮನ ಸಾವಿನ ಅನುಮಾನ ಮಾತ್ರ ಹುಡುಗಿಯನ್ನು ಕಾಡುತ್ತಿದೆ ಎಂದುಕೊಂಡಿದ್ದಳು ಸತ್ಯಭಾಮಾ. ಇದು ಅವಳ ಎಣಿಕೆಯಲ್ಲೇ ಇರಲಿಲ್ಲ. ಏನಾದರೂ ಹೇಳಬೇಕೆಂದು ಅವಳು ಬಾಯಿ ತೆರೆಯುವುದರೊಳಗೆ ಕರಿಬಸಮ್ಮ ಮಗಳ ರಟ್ಟೆ ಹಿಡಿದು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು.

"ಹುಚ್ಚು ಮುಂಡೇದೇ! ನಾನು ನಿಮ್ಮಿಬ್ಬರಿಗೂ ದಿನಾ ಏನೇನು ಬೈತಿದ್ದೆ? ಹಾಳಾಗೋಗಿ, ಹೊಳೆಗೆ ಬೀಳಿ, ಮಣ್ಣಾಗೋಗಿ. ಬೈದಿದ್ದಕ್ಕೆ ಸಾಯೋ ಹಾಗಿದ್ರೆ ನಮ್ಮ ಸಾಲಲ್ಲಿ ಒಂದು ಕೂಸಾದ್ರೂ ಉಳೀತಿತ್ತೇನೇ? ಅವನಿಗೆ ಜ್ವರ ಬಂತು. ಎಲ್ಲ ಮಕ್ಕಳಿಗೂ ಬಂತು. ನಿನ್ನ ಬಾಯಿಗೆ ಅಷ್ಟು ಶಕ್ತಿ ಇದ್ದಿದ್ರೆ ನಾನು ನಿನ್ನ ಕೈಲಿ ಬದುಕು ಅಂತ ಅವನಿಗೆ ಹೇಳಿಸ್ತಿರ್ಲಿಲ್ವಾ?"

ಸಣ್ಣಮ್ಮ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಅದರಲ್ಲಿ ಸುಳ್ಳಿದೆಯೇ ಎಂದು ಹುಡುಕುವಂತಿತ್ತು ಆ ನೋಟ. ಬಹಳ ಹೊತ್ತು ನೋಡಿ, ಕೊನೆಗೆ ತಾಯಿಯ ಕತ್ತಿಗೆ ಮುಖ ಹುದುಗಿಸಿ ದೊಡ್ಡ ದನಿಯಲ್ಲಿ ಅತ್ತಳು. ಅಡುಗೆಮನೆಯಿಂದ ಈಶ್ವರಮ್ಮ ಓಡಿ ಬಂದಳು. ಸತ್ಯಭಾಮಾ ಕೈ ಸನ್ನೆ ಮಾಡಿ ಅವಳನ್ನು ತಡೆದಳು.

ಅಳು ಇಳಿದಮೇಲೆ ಹುಡುಗಿ ಕೇಳಿದಳು, "ನನ್ನ ಕೇಳಿದ್ನಾ?"

"ಕೇಳ್ದ. ಜ್ವರ ಬರೋಕೆ ಮುಂಚೇನೂ ದಿನಾ ನಿನ್ನದೇ ಮಾತು. ನಮ್ಮಕ್ಕ ಶಿವಮೊಗ್ಗದ ಇಸ್ಕೂಲಲ್ಲಿದಾಳೆ ಅಂತ ಕಂಡ ಕಂಡೋರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ದ."

"ಸ್ಲೇಟ್ ವಿಷ್ಯ?"

"ಅದನ್ನ ಅವತ್ತೇ ಮರೆತ."

ತಾಯಿ, ಮಗಳು ಇಬ್ಬರೂ ಸಂಜೆಯ ರೈಲಿಗೆ ಭದ್ರಾವತಿಗೆ ಹೋದರು. ಅಲ್ಲಿ ಹೊನ್ನಯ್ಯ ಮಗಳನ್ನು ಭದ್ರಾ ಹೊಳೆಯ ಹತ್ತಿರ ಹಾಲೇಶನನ್ನು ಮಣ್ಣು ಮಾಡಿದ ಕಡೆಗೆ ಕರೆದೊಯ್ದು ತೋರಿಸಿದ. ಸುತ್ತ ಹುಲ್ಲು ಬೆಳೆದಿತ್ತು. ಅಪ್ಪ, ಮಗಳು ಸೇರಿ ಅದನ್ನು ಕಿತ್ತು ಜಾಗ ಚೊಕ್ಕ ಮಾಡಿದರು. ಹೊನ್ನಯ್ಯ ಮಗನನ್ನು ಹೂತಮೇಲೆ ಆ ಕಡೆ ಕಾಲಿಟ್ಟಿರಲಿಲ್ಲ. ಅಂದು ಅವನೂ ಮಗಳ ಪಕ್ಕದಲ್ಲಿ ಕುಳಿತು ಅತ್ತನಂತೆ.

ಮುಂದಿನ ಸೋಮವಾರ ಅವಳನ್ನು ಕರೆತರಲು ಸತ್ಯಭಾಮಾ ಹೊರಡುವ ಸಿದ್ಧತೆಯಲ್ಲಿದ್ದಾಗ ಅಪ್ಪ, ಮಗಳು ಗೇಟಿನಲ್ಲಿ ನಿಂತಿದ್ದರು. "ಇವಳೇ ಹೊರಟ್ಳು ಅಕ್ಕೋರೆ," ಎಂದ ಹೊನ್ನಯ್ಯ. "ಲೆಕ್ಕದ ಪರೀಕ್ಷೆ ಇದೆ ಅಂತ."

ಎಲ್ಲವೂ ಒಂದೇ ದಿನದಲ್ಲಿ ಸರಿಹೋಗಲಿಲ್ಲ. ಆ ವಾರವೂ ಹಾಸಿಗೆ ಒದ್ದೆಯಾಯಿತು. ಸಣ್ಣಮ್ಮ ಅದನ್ನು ತಾನೇ ತೊಳೆದು ತಂತಿಗೆ ಹಾಕಿ, ತಲೆ ಬಾಚಿಕೊಂಡು ಶಾಲೆಗೆ ಹೋದಳು. ಆಮೇಲೆ ಹಾಸಿಗೆ ಒದ್ದೆಯಾಗದ ದಿನಗಳು ಹೆಚ್ಚುತ್ತ ಹೋದವು. ಕೆಲವು ಸಂಜೆ ಅವಳು ಅಡುಗೆಮನೆಗೆ ಬಂದು, ಸತ್ಯಭಾಮಾ ಅಕ್ಕಿ ಆರಿಸುತ್ತಿದ್ದರೆ ಎದುರು ಕುಳಿತು, "ಅಕ್ಕೋರೆ, ಹಾಲೇಶನ ಕಥೆ ಹೇಳ್ಲಾ?" ಎನ್ನುತ್ತಿದ್ದಳು. ಅವನು ಎಮ್ಮೆ ಮೇಲೆ ಹತ್ತಿ ಬಿದ್ದದ್ದು, ಸೈಕಲ್ ಅಂಗಡಿಯವನ ಪಂಪಿನಿಂದ ತನ್ನ ಬಾಯಿಗೇ ಗಾಳಿ ಹೊಡೆದುಕೊಂಡದ್ದು. ಮೊದಮೊದಲು ಹೇಳುತ್ತ ಅಳುತ್ತಿದ್ದಳು. ಆಮೇಲೆ ಹೇಳುತ್ತ ನಗುತ್ತಿದ್ದಳು, ಅವಳ ಜೊತೆ ಬೇರೆ ಹುಡುಗಿಯರೂ ಬಂದು ಕೂತು ನಗುತ್ತಿದ್ದರು. ಸಂಕ್ರಾಂತಿಯ ಹೊತ್ತಿಗೆ ಅವಳ ಜಗಳ ಮತ್ತೆ ಶುರುವಾಗಿತ್ತು. "ಬೆಳಿಗ್ಗೆಯಿಂದ ಮೂರನೇ ಜಗಳ ಅಕ್ಕೋರೆ!" ಎಂದು ಈಶ್ವರಮ್ಮ ದೂರು ತಂದಾಗ ಸತ್ಯಭಾಮಾ, "ಆಡ್ಲಿ ಬಿಡಿ," ಎಂದು ಸಂತೋಷದಿಂದ ಹೇಳಿದಳು.

ಅಲ್ಲಿಂದ ಮುಂದೆ ಸತ್ಯಭಾಮಾ ಒಂದು ಪದ್ಧತಿ ಮಾಡಿಕೊಂಡಳು. ರಜೆ ಮುಗಿಸಿ ಬರುವ ಪ್ರತಿ ಹುಡುಗಿಯನ್ನೂ ಒಬ್ಬೊಬ್ಬಳಾಗಿ ಪಕ್ಕದಲ್ಲಿ ಕೂರಿಸಿಕೊಂಡು, ಮನೆಯಲ್ಲಿ ಯಾರು ಹೇಗಿದ್ದಾರೆ ಎಂದು ವಿಚಾರಿಸುವಳು. ಅವರು ಹೇಳಿದ್ದನ್ನೂ ಹೇಳದೆ ಬಿಟ್ಟದ್ದನ್ನೂ ಗಮನವಿಟ್ಟು ಕೇಳುವಳು.

ವರ್ಷದ ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂತು. ಸಣ್ಣಮ್ಮನನ್ನು ಕರೆದೊಯ್ಯಲು ಕರಿಬಸಮ್ಮ ಬಂದಿದ್ದಳು. ಸತ್ಯಭಾಮಾ ಅವರನ್ನು ಬಿಡಲು ಸ್ಟೇಷನ್ನಿಗೆ ಹೋದಳು. ರೈಲು ಇನ್ನೂ ಬಂದಿರಲಿಲ್ಲ. ಕರಿಬಸಮ್ಮ ಮಗಳನ್ನು ಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದಳು.

"ನಿನಗೊಂದು ವಿಷ್ಯ ಹೇಳ್ಬೇಕು ಕಣೇ. ನಿಮ್ಮಜ್ಜಿಗೂ ಇನ್ನೂ ಗೊತ್ತಿಲ್ಲ. ನಾನು ಬಸುರಿ. ಗಣೇಶನ ಹಬ್ಬದ ಹೊತ್ತಿಗೆ ಮನೇಲಿ ಕೂಸು ಇರ್ತದೆ."

ಸಣ್ಣಮ್ಮ ತಾಯಿಯ ಹೊಟ್ಟೆ ನೋಡಿದಳು. ಏನೂ ಕಾಣಿಸುತ್ತಿರಲಿಲ್ಲ. ಅವಳ ಮುಖದಲ್ಲಿ ಮೊದಲು ಹೆದರಿಕೆ ಬಂತು, ಆಮೇಲೆ ಅದು ಹೋಯಿತು.

"ಅದಕ್ಕೂ ಜ್ವರ ಬಂದ್ರೆ?"

"ಬಂದ್ರೆ ಆಸ್ಪತ್ರೆಗೆ ಎತ್ಕೊಂಡು ಓಡ್ತೀನಿ. ನಿನಗೂ ತಿಳಿಸ್ತೀನಿ. ಏನೇ ಆದ್ರೂ ತಿಳಿಸ್ತೀನಿ."

"ಅವತ್ತೇ ತಿಳಿಸ್ಬೇಕು. ಕಾಗದ ಬರೆಸಿ ಹಾಕ್ಬೇಕು."

"ಆಯ್ತು."

"ಹೆಣ್ಣಾದ್ರೆ ಹೆಸರು ನಾನಿಡ್ತೀನಿ. ಗಂಡಾದ್ರೂ ನಾನೇ ಇಡ್ತೀನಿ."

"ನಿಮ್ಮಪ್ಪನ್ನ ಕೇಳು," ಎಂದು ನಕ್ಕಳು ಕರಿಬಸಮ್ಮ. ಅಷ್ಟರಲ್ಲಿ ರೈಲು ಬಂತು. ಸಣ್ಣಮ್ಮ ತಾಯಿಯ ಕೈಯಿಂದ ಟ್ರಂಕು ಕಿತ್ತುಕೊಂಡು, "ನೀನು ಭಾರ ಎತ್ಬಾರದು," ಎಂದು ಗದರಿಸಿ, ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಡಬ್ಬಿಯ ಕಡೆ ನಡೆದಳು.